ದುಬಾರಿ ಗಾಲ್ಫ್ ಕ್ಲಬ್‌ನಲ್ಲಿ ದುಡ್ಡು ಯಾವುದಕ್ಕೆ ಹೋಗುತ್ತದೆ?

ಮನೆಯವರು ಸ್ಟಿಕ್ ಎನ್ನುವ, ಆಡುವವರು ಕ್ಲಬ್ ಎನ್ನುವ ಗಾಲ್ಫ್ ಕೋಲುಗಳಲ್ಲಿ ಮೂರು ಬಗೆಯವನ್ನು ನಾನು ಕಳೆದ ನಾಲ್ಕು ವರ್ಷಗಳಲ್ಲಿ ಬಳಸಿ ನೋಡಿದ್ದೇನೆ. ಮೊದಲನೆಯದು ಆನ್‌ಲೈನಿನಲ್ಲಿ ತರಿಸಿದ, ಚೀಲವೂ ಸೇರಿ 14,000 ರೂಪಾಯಿಯ ಪೂರ್ತಿ ಸೆಟ್. ಎರಡನೆಯದು ಗೆಳೆಯರೊಬ್ಬರು ವಿದೇಶಕ್ಕೆ ಹೋಗಿದ್ದಾಗ ಎರಡು ತಿಂಗಳು ನನ್ನ ಬಳಿ ಬಿಟ್ಟಿದ್ದ, ಐರನ್‌ಗಳಿಗೇ (ನಂಬರ್ ಹಾಕಿದ ಲೋಹದ ತಲೆಯ ಕ್ಲಬ್‌ಗಳು; ನಂಬರ್ ಹೆಚ್ಚಿದಂತೆ ದೂರ ಕಡಿಮೆ) ಒಂದು ಲಕ್ಷ ರೂಪಾಯಿ ಮೀರಿದ ಹೊಸ ಸೆಟ್. ಮೂರನೆಯದು ಈಗ ನನ್ನದಾಗಿರುವ, ಪಿಂಗ್ ಕಂಪನಿಯ 2017ರ ಜಿ400 ಐರನ್‌ಗಳು. ಸೆಕೆಂಡ್ ಹ್ಯಾಂಡ್‌ನಲ್ಲಿ 38,000ಕ್ಕೆ ಕೊಂಡವು. ದುಬಾರಿ ಕ್ಲಬ್‌ಗೆ ಕೊಡುವ ಹಣ ಸಾರ್ಥಕವೇ ಎಂದು ಹೊಸಬರು ಕೇಳಿದಾಗಲೆಲ್ಲ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲು ನನಗೆ ಆಗುತ್ತಿರಲಿಲ್ಲ. ಆದ್ದರಿಂದ ಅನುಭವಕ್ಕೆ ಬಂದದ್ದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ಎತ್ತರ ಐದು ಅಡಿ ನಾಲ್ಕು ಇಂಚು. ಅಗ್ಗದ ಸೆಟ್ ಹಿಡಿದು ಬೆಂಗಳೂರಿನ ಅಭ್ಯಾಸದ ರೇಂಜ್‌ನಲ್ಲಿ ಒಂದು ವರ್ಷ ದುಡಿದರೂ ನನ್ನ ಚೆಂಡು ಎಡಕ್ಕೆ ಹೋಗುವುದು ನಿಲ್ಲಲಿಲ್ಲ. ಸ್ವಿಂಗ್‌ನಲ್ಲೇ ತಪ್ಪಿದೆ ಎಂದುಕೊಂಡು ಹಿಡಿತ, ನಿಲುವು ಎಲ್ಲವನ್ನೂ ಬದಲಿಸಿದೆ. ಕೊನೆಗೆ ಕ್ಲಬ್‌ಗಳನ್ನು ರಿಪೇರಿ ಮಾಡುವ ಒಬ್ಬರ ಬಳಿ ಹೋದಾಗ, ಅವರು 7ನೇ ಐರನ್‌ನ ತಳಕ್ಕೆ ಟೇಪ್ ಅಂಟಿಸಿ, ಗಟ್ಟಿ ಹಲಗೆಯ ಮೇಲೆ ಹತ್ತು ಚೆಂಡು ಹೊಡೆಸಿದರು. ಟೇಪಿನ ಮೇಲಿನ ಉಜ್ಜಿದ ಗುರುತೆಲ್ಲ ಹಿಮ್ಮಡಿಯ, ಎಂದರೆ ತಲೆಗೆ ಕೋಲು ಸೇರುವ, ಕಡೆಗೇ ಬಿದ್ದಿತ್ತು. ಎಂದರೆ, ಚೆಂಡಿಗೆ ತಾಗುವ ಹೊತ್ತಿಗೆ ಕ್ಲಬ್‌ನ ತಲೆಯ ಆಚೆ ತುದಿ ನೆಲದಿಂದ ಮೇಲೆದ್ದಿರುತ್ತಿತ್ತು; ಹಾಗೆ ತುದಿ ಎದ್ದಾಗ ಬಲಗೈ ಆಟಗಾರನ ಚೆಂಡು ಎಡಕ್ಕೆ ಹೊರಳುವುದು ಸಹಜ. ತಲೆಯ ತಳಕ್ಕೂ ಕೋಲಿಗೂ ನಡುವಿನ ಈ ಕೋನಕ್ಕೆ ಲೈ ಎನ್ನುತ್ತಾರೆ. ಎರಡು ಡಿಗ್ರಿ ಬಗ್ಗಿಸಿಕೊಡಿ ಎಂದು ಕೇಳಿದೆ. ಅವರು ಮಾತನಾಡದೆ ಡ್ರಾಯರ್‌ನಿಂದ ಒಂದು ಆಯಸ್ಕಾಂತ ತೆಗೆದು ಕ್ಲಬ್‌ನ ತಲೆಗೆ ಮುಟ್ಟಿಸಿದರು. ಅದು ಹಿಡಿಯದೆ ಜಾರಿ ಬಿತ್ತು.

"ಇದು ಸತುವಿನ ಎರಕ ಸಾರ್, ಸ್ಟೀಲ್ ಅಲ್ಲ. ಬಗ್ಗಿಸೋಕೆ ಹೋದ್ರೆ ಕತ್ತೇ ಮುರಿಯುತ್ತೆ" ಎಂದರು.

ಅಗ್ಗದ ಕ್ಲಬ್‌ಗೂ ಒಳ್ಳೆಯ ಕ್ಲಬ್‌ಗೂ ಇರುವ ನಿಜವಾದ ಅಂತರ ನನಗೆ ತಿಳಿದದ್ದು ಅಲ್ಲಿ. ಸತುವಿನ ಮಿಶ್ರಲೋಹ ಕಡಿಮೆ ಶಾಖಕ್ಕೇ ಕರಗುತ್ತದೆ, ಸುಲಭವಾಗಿ ಎರಕವಾಗುತ್ತದೆ, ಅದಕ್ಕೇ ಅಗ್ಗ. ಆದರೆ ಕೋಲು ಕೂರುವ ಕತ್ತಿನ ಭಾಗ ಮುರಿಯದಿರಲೆಂದು ಅದನ್ನು ದಪ್ಪವಾಗಿ ಮಾಡಬೇಕಾಗುತ್ತದೆ ಮತ್ತು ಒಮ್ಮೆ ಮಾಡಿದ ಕೋನ ಕೊನೆಯವರೆಗೂ ಅದೇ. ಒಳ್ಳೆಯ ಸ್ಟೀಲಿನ ಐರನ್ ಎರಕದ್ದಾಗಿರಲಿ, ಕಾಸಿ ಬಡಿದ ಫೋರ್ಜ್ಡ್ ಆಗಿರಲಿ, ತಿಳಿದವರ ಕೈಯಲ್ಲಿ ಒಂದೆರಡು ಡಿಗ್ರಿ ಬಗ್ಗುತ್ತದೆ ಮತ್ತು ಬಗ್ಗಿದ ಜಾಗದಲ್ಲೇ ನಿಲ್ಲುತ್ತದೆ. ಹಾಗಾಗಿ ಹೆಚ್ಚಿನ ಬೆಲೆ ಕೊಟ್ಟು ನಾವು ಕೊಳ್ಳುವುದು ಹೊಳಪನ್ನಲ್ಲ, ನಮ್ಮ ಮೈಯಳತೆಗೆ ಹೊಂದಿಸಿಕೊಳ್ಳುವ ಅವಕಾಶವನ್ನು. ಅಂಗಡಿಗೆ ಹೋಗಿ ದುಬಾರಿ ಸೆಟ್ಟನ್ನು ಅಳತೆ ನೋಡಿಸದೆ ಹೊತ್ತು ತಂದರೆ ಆ ಬೆಲೆಯ ದೊಡ್ಡ ಪಾಲು ವ್ಯರ್ಥವೇ ಆಗುತ್ತದೆ. ನನ್ನ ಗೆಳೆಯರ ಹೊಸ ಸೆಟ್ಟಿನಲ್ಲಿ ಆದದ್ದೂ ಅದೇ. ಆರಡಿ ಎತ್ತರದ ಅವರಿಗೆ ಅದು ಹೇಳಿ ಮಾಡಿಸಿದಂತಿತ್ತು. ನನ್ನ ಕೈಯಲ್ಲಿ ಅದರ ತುದಿಯೂ ಮೇಲೇಳುತ್ತಿತ್ತು, ಚೆಂಡು ಎಡಕ್ಕೇ ಹೋಗುತ್ತಿತ್ತು.

ಪಿಂಗ್ ಐರನ್‌ಗಳನ್ನು ಆರಿಸಲು ಇದೇ ಕಾರಣ. ಅವುಗಳ ತಲೆಯ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಬಣ್ಣದ ಚುಕ್ಕಿ ಇರುತ್ತದೆ: ಕಪ್ಪು ಚುಕ್ಕಿ ಸಾಮಾನ್ಯ ಲೈಗೆ, ಕೆಂಪು ಮತ್ತು ಕಿತ್ತಳೆ ಅದಕ್ಕಿಂತ ಮಲಗಿದ ಕೋನಕ್ಕೆ, ನೀಲಿ ಮತ್ತು ಹಸಿರು ಅದಕ್ಕಿಂತ ನೆಟ್ಟಗಿನ ಕೋನಕ್ಕೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಇದು ದೊಡ್ಡ ಉಪಕಾರ, ಏಕೆಂದರೆ ಮೊದಲ ಒಡೆಯನಿಗೆ ಯಾವ ಅಳತೆಯಲ್ಲಿ ಮಾಡಿಕೊಟ್ಟರು ಎಂಬುದು ನೋಡಿದ ಕೂಡಲೇ ತಿಳಿಯುತ್ತದೆ. ತುದಿ ಮೇಲೇಳದಿರಲು ನನಗೆ ಬೇಕಿದ್ದುದು ಮಲಗಿದ ಕೋನ; ಕೆಂಪು ಚುಕ್ಕಿಯ ಸೆಟ್ ಸಿಗುವವರೆಗೆ ನಾನು ಐದು ತಿಂಗಳು ಕಾದೆ. ಕಾದದ್ದಕ್ಕೆ ಸ್ವಲ್ಪವೂ ಬೇಸರವಿಲ್ಲ.

ಎರಡನೆಯ ಅಂತರ ಹೊಡೆತ ತಪ್ಪಿದಾಗ ಕಾಣಿಸುತ್ತದೆ. ಇದನ್ನು ತಿಳಿಯಲು ಮುಖಕ್ಕೆ ಹಚ್ಚುವ ಪೌಡರನ್ನೇ 7ನೇ ಐರನ್‌ನ ಮುಖಕ್ಕೆ ತೆಳುವಾಗಿ ಸವರಿ, ಒಂದೇ ಬುಟ್ಟಿಯ ಚೆಂಡುಗಳಲ್ಲಿ ಮೂರೂ ಸೆಟ್ಟಿನಿಂದ ಇಪ್ಪತ್ತಿಪ್ಪತ್ತು ಹೊಡೆದೆ. ಪ್ರತಿ ಹೊಡೆತದ ನಂತರ ಬಿಳಿಯ ಮೇಲೆ ಚೆಂಡಿನ ದುಂಡನೆಯ ಗುರುತು ಸ್ಪಷ್ಟವಾಗಿ ಕಾಣುತ್ತದೆ. ನನ್ನ ಗುರುತುಗಳು ಮೂರರಲ್ಲೂ ಒಂದೇ ರೀತಿ ಚದುರಿದ್ದವು. ಕ್ಲಬ್ ಬದಲಿಸಿದರೆ ಕೈ ಸುಧಾರಿಸುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ತುದಿಗೆ ತಾಗಿದ ಚೆಂಡು ಅಗ್ಗದ ಕ್ಲಬ್‌ನಲ್ಲಿ ಮೂವತ್ತು ಯಾರ್ಡ್‌ವರೆಗೆ ಮೊದಲೇ ಬಿದ್ದರೆ, ಉಳಿದೆರಡರಲ್ಲಿ ಹತ್ತು ಹನ್ನೆರಡು ಯಾರ್ಡ್ ಮಾತ್ರ ಕಡಿಮೆಯಾಗುತ್ತಿತ್ತು. ತೂಕವನ್ನು ತಲೆಯ ನಡುವಿನಿಂದ ತೆಗೆದು ಅಂಚುಗಳಿಗೆ ಹಂಚಿದಾಗ, ತುದಿಗೆ ಪೆಟ್ಟು ಬಿದ್ದರೂ ಕ್ಲಬ್ ಅಷ್ಟಾಗಿ ತಿರುಗುವುದಿಲ್ಲ. ಹೊಸ ಸೆಟ್ಟಿಗೂ ನನ್ನ ಪಿಂಗ್ ಸೆಟ್ಟಿಗೂ ಈ ವಿಷಯದಲ್ಲಿ ನನಗೆ ವ್ಯತ್ಯಾಸವೇ ಕಾಣಲಿಲ್ಲ.

ದೂರದ ವಿಷಯದಲ್ಲಿ ಮಾತ್ರ ಕೊಳ್ಳುವವರು ಎಚ್ಚರವಾಗಿರಬೇಕು. ಹೊಸ 7ನೇ ಐರನ್ ನನ್ನದಕ್ಕಿಂತ ದೂರ ಹೋಗುತ್ತದೆ, ನಿಜ. ಆದರೆ ಮುಖದ ವಾಲು, ಎಂದರೆ ಲಾಫ್ಟ್, ಕಡಿಮೆಯಾದಷ್ಟೂ ಚೆಂಡು ದೂರ ಹೋಗುತ್ತದೆ. ಅದರ ಲಾಫ್ಟ್ 28 ಡಿಗ್ರಿ; ನನ್ನ ಪಿಂಗ್‌ನದು 30; ಒಂದು ತಲೆಮಾರಿನ ಹಿಂದಿನ 7ನೇ ಐರನ್‌ಗಳಲ್ಲಿ ಅದು 34ರಿಂದ 36ರವರೆಗೆ ಇರುತ್ತಿತ್ತು. ಒಂದು ಐರನ್‌ಗೂ ಮುಂದಿನದಕ್ಕೂ ಸಾಮಾನ್ಯವಾಗಿ ನಾಲ್ಕು ಡಿಗ್ರಿಯ ಅಂತರವಿರುವುದರಿಂದ, ಹಳೆಯ ಲೆಕ್ಕದಲ್ಲಿ 5 ಅಥವಾ 6ನೇದಾಗಿದ್ದ ಕ್ಲಬ್‌ಗೆ ಇಂದು 7 ಎಂದು ಕೆತ್ತಿದ್ದಾರೆ. ತೂಕವನ್ನು ಕೆಳಗಿಳಿಸಿರುವುದರಿಂದ ಚೆಂಡು ಆದರೂ ಎತ್ತರಕ್ಕೇ ಹಾರುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಅದೇ ಸೆಟ್ಟಿನಲ್ಲಿ ಹತ್ತಿರದ ಹೊಡೆತಕ್ಕಿರುವ ಪಿಚಿಂಗ್ ವೆಜ್ 43 ಡಿಗ್ರಿಗೆ ಬಂದು ನಿಂತಾಗ, ಅದಕ್ಕೂ ಮರಳಿನಿಂದ ಚೆಂಡು ಎತ್ತುವ 56 ಡಿಗ್ರಿಯ ಸ್ಯಾಂಡ್ ವೆಜ್‌ಗೂ ನಡುವೆ ದೊಡ್ಡ ಖಾಲಿ ಜಾಗ ಉಳಿಯುತ್ತದೆ ಮತ್ತು ಅದನ್ನು ತುಂಬಲು ಇನ್ನೊಂದು ವೆಜ್ ಕೊಳ್ಳಬೇಕಾಗುತ್ತದೆ. ಬೆಲೆ ಹೇಳುವಾಗ ಈ ಖರ್ಚನ್ನು ಅಂಗಡಿಯವರು ಹೇಳುವುದಿಲ್ಲ. ಬೇರೆ ಬೇರೆ ಊರಿನಲ್ಲಿ ಚೆಂಡು ಹೋದ ದೂರವನ್ನು ಹೋಲಿಸುವುದೂ ಸರಿಯಲ್ಲ: ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ತೆಳು ಗಾಳಿಯಲ್ಲಿ ಹಾರುವಷ್ಟು ದೂರ ಚೆಂಡು ಸಮುದ್ರಕ್ಕೆ ಹತ್ತಿರದ ಮಂಗಳೂರಿನ ಪಿಲಿಕುಳದ ಕೋರ್ಸಿನಲ್ಲಿ ಹಾರುವುದಿಲ್ಲ.

ಅತಿ ದೂರದ ಹೊಡೆತಕ್ಕಿರುವ ದೊಡ್ಡ ತಲೆಯ ಕ್ಲಬ್ ಆದ ಡ್ರೈವರ್‌ಗಾಗಿ ಜನ ಅತಿ ಹೆಚ್ಚು ಹಣ ಸುರಿಯುತ್ತಾರೆ. ಹೆಸರಾಂತ ಕಂಪನಿಗಳ ಹೊಸ ಡ್ರೈವರ್ ಅಮೆರಿಕದಲ್ಲೇ 600 ಡಾಲರ್ ಆಸುಪಾಸಿನಲ್ಲಿದೆ. ಆದರೆ ಆಟದ ನಿಯಮಗಳನ್ನು ರೂಪಿಸುವ ಆರ್ ಅಂಡ್ ಎ ಹಾಗೂ ಯುಎಸ್‌ಜಿಎ ಸಂಸ್ಥೆಗಳು ತಲೆಯ ಗಾತ್ರವನ್ನು 460 ಘನ ಸೆಂಟಿಮೀಟರಿಗೆ ಮಿತಗೊಳಿಸಿವೆ, ಮುಖದ ಪುಟಿತಕ್ಕೂ ಮಿತಿ ಹಾಕಿವೆ. ಒಳ್ಳೆಯ ಕಂಪನಿಗಳು ಆ ಮಿತಿಯನ್ನು ಮುಟ್ಟಿ ಹಲವು ವರ್ಷಗಳಾದವು. ನಡುಮುಖಕ್ಕೆ ಸರಿಯಾಗಿ ತಾಗಿದ ಚೆಂಡಿಗೆ ಐದು ವರ್ಷದ ಹಿಂದಿನ ಟೈಟಾನಿಯಂ ಡ್ರೈವರ್ ಕೊಡದಿರುವ ವೇಗವನ್ನು ಹೊಸದು ಕೊಡುವಂತಿಲ್ಲ. ಸುಧಾರಣೆ ಆಗಿರುವುದು ಅಂಚಿಗೆ ತಾಗಿದ ಹೊಡೆತಗಳಲ್ಲಿ. ಅದು ಇದೆ, ಆದರೆ ಅದಕ್ಕೆ ಕೇಳುವ ಬೆಲೆ ನನ್ನ ದೃಷ್ಟಿಯಲ್ಲಿ ಹೆಚ್ಚಾಯಿತು. ಅಗ್ಗದ ಅಲ್ಯೂಮಿನಿಯಂ ತಲೆಯ ಡ್ರೈವರ್ ಮಾತ್ರ ನನಗೆ ನಡುವೆ ತಾಗಿದಾಗಲೂ ಹಿಂದೆ ಬಿತ್ತು. ತಲೆಗಿಂತ ಶಾಫ್ಟ್, ಎಂದರೆ ಕೋಲಿನ, ಕಡೆಗೆ ಹೆಚ್ಚು ಗಮನ ಕೊಡಿ ಎಂಬುದು ನನ್ನ ಕೋರಿಕೆ. ಗೆಳೆಯರ ಡ್ರೈವರ್‌ಗೆ ಬಿಗಿಯಾದ ಸ್ಟಿಫ್ ಶಾಫ್ಟ್ ಇತ್ತು, ನನ್ನ ನಿಧಾನದ ಸ್ವಿಂಗ್‌ಗೆ ಚೆಂಡು ಬಲಕ್ಕೆ ತೇಲಿಹೋಗುತ್ತಿತ್ತು; ರೆಗ್ಯುಲರ್ ಶಾಫ್ಟ್‌ನ ಹಳೆಯ ಡ್ರೈವರ್ ಹಿಡಿದ ದಿನವೇ ಅದು ಬಹುಮಟ್ಟಿಗೆ ನಿಂತಿತು.

ಹಾಗಾದರೆ ಈಗಷ್ಟೇ ಕಲಿಯುವವರು ಏನು ಕೊಳ್ಳಬೇಕು? ನಿಯಮದ ಪ್ರಕಾರ ಚೀಲದಲ್ಲಿ 14ಕ್ಕಿಂತ ಹೆಚ್ಚು ಕ್ಲಬ್ ಇರುವಂತಿಲ್ಲ, ಕಡಿಮೆ ಎಷ್ಟಾದರೂ ಇರಬಹುದು. ಡೆಕಥ್ಲಾನ್‌ನ ಇನೆಸಿಸ್ ಹೆಸರಿನ ಅರ್ಧ ಸೆಟ್‌ನಂಥದ್ದು ಮೊದಲ ಆರು ತಿಂಗಳಿಗೆ ಧಾರಾಳವಾಗಿ ಸಾಕು. ಅಂಗಡಿಯಲ್ಲಿ ಕೈಯಲ್ಲಿ ಹಿಡಿದು, ಉದ್ದ ನೋಡಿ ಕೊಳ್ಳಬಹುದು ಎಂಬುದು ಅದರ ಹೆಚ್ಚುಗಾರಿಕೆ. ಅಲ್ಲಿಂದ ಮುಂದೆ ಆಟ ಹಿಡಿಸಿದರೆ ಹಳೆಯ ಮಾದರಿಯ ಒಳ್ಳೆಯ ಸ್ಟೀಲ್ ಐರನ್ ಕೊಂಡು, ಉಳಿದ ಹಣದಲ್ಲಿ ಅಳತೆ ನೋಡಿಸಿ. ಗ್ರಿಪ್‌ಗಳನ್ನು ವರ್ಷಕ್ಕೊಮ್ಮೆ ಬದಲಿಸಿ. ಕೈಬೆವರಿಗೆ ಗಟ್ಟಿಯಾಗಿ ಜಾರತೊಡಗಿದ ಗ್ರಿಪ್ ಎಷ್ಟೇ ಬೆಲೆಯ ಕ್ಲಬ್ಬನ್ನೂ ಕೆಡಿಸುತ್ತದೆ.

ಚೆಂಡನ್ನು ಗುಳಿಗೆ ಉರುಳಿಸುವ ಪಟರ್‌ನ ಲೆಕ್ಕವೇ ಬೇರೆ. ಪಾರ್ 72ರ, ಎಂದರೆ 72 ಹೊಡೆತಗಳಲ್ಲಿ ಮುಗಿಸಬೇಕೆಂದು ಲೆಕ್ಕ ಹಾಕಿದ, ಕೋರ್ಸಿನ 18 ಹೋಲ್‌ಗಳಲ್ಲಿ ಹೋಲ್‌ಗೆ ಎರಡರಂತೆ 36 ಹೊಡೆತ, ಎಂದರೆ ಸರಿಯಾಗಿ ಅರ್ಧ, ಪಟರ್‌ನದು. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ತಮಗಿಂತ ಬಹಳ ದೂರ ಹೊಡೆಯುವವರ ನಡುವೆ ನಾಲ್ಕನೇ ಸ್ಥಾನಕ್ಕೆ ಬಂದದ್ದು ಗ್ರೀನ್, ಎಂದರೆ ಗುಳಿಯ ಸುತ್ತಲಿನ ನುಣುಪು ಹುಲ್ಲು, ಮೇಲಿನ ಅವರ ಕೈಚಳಕದಿಂದ. ಇಷ್ಟು ಮುಖ್ಯವಾದ ಕ್ಲಬ್‌ಗೇ ಹೆಚ್ಚು ಹಣ ಬೇಕಿಲ್ಲ ಎಂಬುದು ಹಲವರಿಗೆ ಅಚ್ಚರಿಯಾಗಬಹುದು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರ್ ಆಗಿದ್ದ ಕಾರ್ಸ್ಟನ್ ಸೋಲ್ಹೈಮ್, ಪಿಂಗ್ ಕಂಪನಿ ಕಟ್ಟಿದವರು, 1966ರಲ್ಲಿ ಆನ್ಸರ್ ಎಂಬ ಪಟರ್ ತಂದರು; ತೂಕವನ್ನು ತುದಿ ಮತ್ತು ಹಿಮ್ಮಡಿಗೆ ಹಂಚಿದ ಆ ಆಕಾರವನ್ನು ಆಮೇಲೆ ಹೆಚ್ಚುಕಡಿಮೆ ಎಲ್ಲ ತಯಾರಕರೂ ಅನುಸರಿಸಿದ್ದಾರೆ. ನನ್ನ ಅಗ್ಗದ ಸೆಟ್ಟಿನ ಪಟರ್ ಕೂಡ ಅದೇ ಆಕಾರದ್ದು. ಇಲ್ಲಿ ಪೆಟ್ಟಿನ ರಭಸ ಕಡಿಮೆ, ಲೋಹದ ಮೇಲೆ ಒತ್ತಡವಿಲ್ಲ. ಕೋಲಿನ ಉದ್ದ ಹೊಂದಿದರೆ ಮುಗಿಯಿತು. 14,000ದ ಆ ಸೆಟ್ಟಿನಲ್ಲಿ ನನ್ನ ಬಳಿ ಉಳಿದಿರುವುದು ಅದೊಂದೇ: ರಿಪೇರಿಯವರು 35 ಇಂಚಿನ ಕೋಲನ್ನು 33ಕ್ಕೆ ಕತ್ತರಿಸಿ, ಹಗುರಾದ ತಲೆಯ ತಳಕ್ಕೆ ಸೀಸದ ಪಟ್ಟಿ ಅಂಟಿಸಿ, ಹೊಸ ಗ್ರಿಪ್ ಹಾಕಿಕೊಟ್ಟರು. ಎಲ್ಲ ಸೇರಿ 900 ರೂಪಾಯಿ ಆಯಿತು.