ಅಮೆರಿಕನ್ ಗಟ್ ಕಿಟ್ ತರಿಸಬಹುದಾ? ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ. ಅಮೆರಿಕನ್ ಗಟ್ ಅಂದರೆ ಮಲದ ಸ್ಯಾಂಪಲ್ ಅಂಚೆಯಲ್ಲಿ ಕಳಿಸಿ ಕರುಳಿನ ಸೂಕ್ಷ್ಮಜೀವಿಗಳನ್ನು ತಿಳಿಯುವ ಅಮೆರಿಕದ ಸಂಶೋಧನಾ ಯೋಜನೆ. ಹೊಟ್ಟೆನೋವಿಗೋ ಅಜೀರ್ಣಕ್ಕೋ ಕಾರಣ ಹುಡುಕಲು ಈ ಕಿಟ್ ತರಿಸಬೇಡಿ, ಡಾಕ್ಟರ್ ಹತ್ತಿರ ಹೋಗಿ. ಕರುಳಲ್ಲಿ ಎಂಥೆಂಥ ಸೂಕ್ಷ್ಮಜೀವಿಗಳಿವೆ ಎಂದು ತಿಳಿಯುವ ಆಸೆಯಿದ್ದು, ಆ ಮಾಹಿತಿ ಸಂಶೋಧನೆಗೂ ಸಿಗಲಿ ಅನ್ನುವ ಮನಸ್ಸಿದ್ದರೆ ಖಂಡಿತ ತರಿಸಿ. ನನ್ನ ಕಡೆಯಿಂದ ಐದಕ್ಕೆ ನಾಲ್ಕು ಸ್ಟಾರ್.

ಇದು ಕಂಪನಿಯ ಸರಕಲ್ಲ. ಸಂಶೋಧಕರಾದ ರಾಬ್ ನೈಟ್ ಮತ್ತು ಜೆಫ್ ಲೀಚ್ 2012ರಲ್ಲಿ ಶುರು ಮಾಡಿದ ಯೋಜನೆ, ಜ್ಯಾಕ್ ಗಿಲ್ಬರ್ಟ್ ಕೂಡ ಜೊತೆಗಿದ್ದರು. ನೈಟ್ ಆಗ ಕೊಲರಾಡೊ ವಿಶ್ವವಿದ್ಯಾಲಯದಲ್ಲಿದ್ದರು, ಆಮೇಲೆ ಅವರ ಜೊತೆ ಯೋಜನೆಯೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕ್ಯಾಂಪಸ್‌ಗೆ ಬಂತು. ಜನರಿಂದಲೇ ಹಣ, ಜನರಿಂದಲೇ ಸ್ಯಾಂಪಲ್. ಒಬ್ಬರ ಕಿಟ್‌ಗೆ ಆಗ 99 ಡಾಲರ್ ದೇಣಿಗೆ ಇತ್ತು. ಈಗ ಇದೆಲ್ಲ ಮೈಕ್ರೋಸೆಟ್ಟಾ ಇನಿಶಿಯೇಟಿವ್ ಎಂಬ ದೊಡ್ಡ ಯೋಜನೆಯ ಒಳಗೆ ಸೇರಿಕೊಂಡಿದೆ. ನಾನು ಕೊಟ್ಟಾಗ ಅಮೆರಿಕನ್ ಗಟ್ ಅಂತಲೇ ಕರೆಯುತ್ತಿದ್ದರು.

ನನಗೆ ಬಂದ ಕಿಟ್ ಬಹಳ ಸರಳವಾಗಿತ್ತು. ಹತ್ತಿ ಸುತ್ತಿದ ಕಡ್ಡಿ ಇರುವ ಒಂದು ಟ್ಯೂಬ್, ಹೇಗೆ ಮಾಡಬೇಕು ಅನ್ನುವ ಹಾಳೆ, ಅಷ್ಟೇ. ಬಳಸಿದ ಟಾಯ್ಲೆಟ್ ಪೇಪರ್‌ಗೆ ಕಡ್ಡಿಯ ತುದಿ ಸ್ವಲ್ಪ ಸೋಕಿಸಿದರೆ ಸಾಕು, ಜಾಸ್ತಿ ಹತ್ತಿಸಿದರೆ ಪರೀಕ್ಷೆಗೇ ತೊಂದರೆ. ಅಸಹ್ಯ ಅಂತ ಹಿಂಜರಿಯುವವರಿಗೆ ಹೇಳುತ್ತೇನೆ, ಒಂದು ನಿಮಿಷದ ಕೆಲಸ ಇದು. ಆಮೇಲೆ ಟ್ಯೂಬ್ ಮುಚ್ಚಿ, ದಿನಾಂಕ ಬರೆದು ಅಂಚೆಗೆ ಹಾಕಿದರೆ ಆಯಿತು.

ಐಸ್ ಇಲ್ಲದೆ ಅಂಚೆಯಲ್ಲಿ ಹೋಗುತ್ತದಲ್ಲ, ದಾರಿಯಲ್ಲೇ ಬ್ಯಾಕ್ಟೀರಿಯಾ ಬೆಳೆಯುವುದಿಲ್ವಾ? ಬೆಳೆಯುತ್ತವೆ, ಆದರೆ ಎಲ್ಲವೂ ಅಲ್ಲ, ಕೆಲವು ಜಾತಿ ಮಾತ್ರ. ಈ ತಂಡದವರು ಅದನ್ನು ಮುಚ್ಚಿಡಲಿಲ್ಲ. ತಕ್ಷಣ ಫ್ರೀಜ್ ಮಾಡಿದ ಸ್ಯಾಂಪಲ್‌ಗಳ ಜೊತೆ ಹೋಲಿಸಿ, ಅಂಚೆಯಲ್ಲಿ ಉಬ್ಬಿಕೊಳ್ಳುವ ಬ್ಯಾಕ್ಟೀರಿಯಾ ಯಾವುವು ಎಂದು ಗುರುತಿಸಿ, ಅವನ್ನು ಲೆಕ್ಕದಿಂದ ತೆಗೆಯುವ ವಿಧಾನವನ್ನು 2017ರಲ್ಲಿ ಪ್ರಕಟಿಸಿದರು. ನನಗೆ ಇವರ ಮೇಲೆ ಗೌರವ ಹುಟ್ಟಿದ್ದು ಇಂಥ ಕೆಲಸ ನೋಡಿಯೇ.

ಜೊತೆಗೆ ಉದ್ದನೆಯ ಪ್ರಶ್ನಾವಳಿ ಇದೆ. ಕಳೆದ ವರ್ಷದಲ್ಲಿ ಆಂಟಿಬಯೋಟಿಕ್ ತಗೊಂಡಿದ್ದೀರಾ, ಎಷ್ಟು ನಿದ್ದೆ ಮಾಡುತ್ತೀರಿ, ಮನೆಯಲ್ಲಿ ನಾಯಿ ಬೆಕ್ಕು ಇದೆಯಾ, ವಾರಕ್ಕೆ ಎಷ್ಟು ಬಗೆಯ ಸಸ್ಯಾಹಾರ ತಿನ್ನುತ್ತೀರಿ. ಬೇಸರ ಪಡದೆ ಪೂರ್ತಿ ತುಂಬಿ. ಈ ಉತ್ತರಗಳಿಲ್ಲದೆ ಸ್ಯಾಂಪಲ್‌ನಿಂದ ಹೆಚ್ಚೇನೂ ತಿಳಿಯುವುದಿಲ್ಲ.

ವರದಿ ಬರಲು ತಿಂಗಳುಗಟ್ಟಲೆ ಹಿಡಿಯಬಹುದು. ನೂರಾರು ಜನರ ಸ್ಯಾಂಪಲ್ ಸೇರಿಸಿ ಅವುಗಳ ಡಿಎನ್‌ಎಯನ್ನು ಒಟ್ಟಿಗೆ ಓದಿಸಿದರೆ ಮಾತ್ರ ಈ ಖರ್ಚಿನಲ್ಲಿ ಆಗುವ ಕೆಲಸ ಇದು. ವರದಿಯಲ್ಲಿ ಯಾವ ಗುಂಪಿನ ಬ್ಯಾಕ್ಟೀರಿಯಾ ಶೇಕಡಾ ಎಷ್ಟು, ಬೇರೆಯವರಿಗೆ ಹೋಲಿಸಿದರೆ ನಿಮ್ಮಲ್ಲಿ ಯಾವುದು ಜಾಸ್ತಿ ಎಂದು ಇರುತ್ತದೆ. ನನಗೆ ತುಂಬಾ ಇಷ್ಟವಾದದ್ದು ಚುಕ್ಕಿಗಳ ನಕ್ಷೆ. ಅಮೆರಿಕ, ಆಫ್ರಿಕಾದ ಮಲಾವಿ, ವೆನೆಜುವೆಲಾದ ಅಮೆಜಾನ್ ಕಾಡಿನ ಜನರ ಚುಕ್ಕಿಗಳ ನಡುವೆ ನಮ್ಮ ಚುಕ್ಕಿ ಎಲ್ಲಿ ಕೂರುತ್ತದೆ ಎಂದು ಅಲ್ಲಿ ನೋಡಬಹುದಿತ್ತು.

ಇದರ ಮಿತಿ ಅರ್ಥವಾಗಬೇಕಾದರೆ ವಿಧಾನ ಸ್ವಲ್ಪ ತಿಳಿದಿರಬೇಕು. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ 16ಎಸ್ ಎಂಬ ಜೀನ್‌ನ ಒಂದು ಸಣ್ಣ ತುಂಡನ್ನು ಮಾತ್ರ ಓದುತ್ತಾರೆ. ನಂಬರ್ ಪ್ಲೇಟಿನಲ್ಲಿ ಕೆಎ 09 ನೋಡಿದರೆ ಮೈಸೂರಿನ ಗಾಡಿ ಅಂತ ಗೊತ್ತಾಗುತ್ತದೆ, ಒಳಗೆ ಯಾರು ಕೂತಿದ್ದಾರೆ ಅಂತ ಗೊತ್ತಾಗುವುದಿಲ್ಲ ಅಲ್ವಾ, ಇದೂ ಹಾಗೇ. ಇ. ಕೋಲಿಯಲ್ಲಿ ನಿರುಪದ್ರವಿಯೂ ಇದೆ, ಭೇದಿ ತರಿಸುವುದೂ ಇದೆ. ಈ ಪರೀಕ್ಷೆ ಅವೆರಡನ್ನೂ ಬೇರೆ ಮಾಡಿ ಹೇಳಲಾರದು. ಊರಿನಿಂದ ಚಿಕ್ಕಪ್ಪ ಫೋನ್ ಮಾಡಿ, "ನನ್ನ ಗ್ಯಾಸ್ಟ್ರಿಕ್‌ಗೆ ಇದರಲ್ಲಿ ಏನಾದ್ರೂ ಗೊತ್ತಾಗುತ್ತೇನೋ?" ಎಂದು ಕೇಳಿದರು. ಇಲ್ಲ ಚಿಕ್ಕಪ್ಪ, ಆಗಲ್ಲ, ಇದು ರೋಗ ಪತ್ತೆಯ ಪರೀಕ್ಷೆ ಅಲ್ಲ ಎಂದೆ. ತಂಡದವರೂ ಇದನ್ನೇ ಹೇಳುತ್ತಾರೆ.

ನನ್ನ ವರದಿಯಲ್ಲಿ ಪ್ರಿವೊಟೆಲ್ಲಾ ಎಂಬ ಗುಂಪಿನ ಬ್ಯಾಕ್ಟೀರಿಯಾ ಕಡಿಮೆ ಇತ್ತು, ಬ್ಯಾಕ್ಟಿರಾಯ್ಡಿಸ್ ಎಂಬ ಇನ್ನೊಂದು ಗುಂಪು ಜಾಸ್ತಿ ಇತ್ತು. ಇದನ್ನು ನೋಡಿ ನಿಜಕ್ಕೂ ಬೇಸರವಾಯಿತು. ಭೋಪಾಲದ ಐಸರ್ ಎಂಬ ವಿಜ್ಞಾನ ಸಂಶೋಧನಾ ಸಂಸ್ಥೆಯವರು ಭೋಪಾಲ ಮತ್ತು ಕೇರಳದ 110 ಜನರನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಸ್ಯಾಹಾರ ಹೆಚ್ಚಿರುವ ಕಡೆ ಪ್ರಿವೊಟೆಲ್ಲಾದ್ದೇ ಮೇಲುಗೈ. ಇನ್ನು ಮಿನೆಸೋಟ ವಿಶ್ವವಿದ್ಯಾಲಯದವರು ಆಗ್ನೇಯ ಏಷ್ಯಾದಿಂದ ಅಮೆರಿಕಕ್ಕೆ ಬಂದ ಹ್ಮಾಂಗ್ ಮತ್ತು ಕರೆನ್ ಜನರನ್ನು ನೋಡಿದಾಗ, ಬಂದ ಕೆಲವೇ ತಿಂಗಳಲ್ಲಿ ಬದಲಾವಣೆ ಕಂಡಿತು. ಪ್ರಿವೊಟೆಲ್ಲಾ ಜಾಗಕ್ಕೆ ಬ್ಯಾಕ್ಟಿರಾಯ್ಡಿಸ್ ಬರುತ್ತಾ ಹೋಯಿತು, ನಾರು ಅರಗಿಸುವ ಕಿಣ್ವಗಳೂ ಕಡಿಮೆಯಾದವು. ಅಮೆರಿಕದಲ್ಲೇ ಹುಟ್ಟಿದ ಅವರ ಮಕ್ಕಳಲ್ಲಿ ವೈವಿಧ್ಯ ಇನ್ನೂ ಕಡಿಮೆ. ಊರು ಬಿಟ್ಟು ಅಮೆರಿಕಕ್ಕೆ ಬಂದ ನನಗೂ ಹಾಗೇ ಆಗಿದೆಯಾ? ಒಂದು ಸ್ಯಾಂಪಲ್ ನೋಡಿ ಹೇಳುವ ಹಾಗಿಲ್ಲ. ಊರು ಬಿಡುವ ಮೊದಲಿನ ಸ್ಯಾಂಪಲ್ ಇದ್ದಿದ್ದರೆ ಹೋಲಿಸಬಹುದಿತ್ತು. ಅದಕ್ಕೇ ಓದಲು ಹೊಸದಾಗಿ ಇಲ್ಲಿಗೆ ಬರುವ ನಮ್ಮ ಹುಡುಗ ಹುಡುಗಿಯರಿಗೆ, ಮಾಡಿಸುವುದಾದರೆ ಬಂದ ಶುರುವಿನಲ್ಲೇ ಒಂದು, ಆಮೇಲೆ ಒಂದು ಮಾಡಿಸಿ ಎನ್ನುತ್ತೇನೆ.

ಇಷ್ಟೆಲ್ಲ ಮಿತಿ ಇದ್ದರೂ ಯಾಕೆ ನಾಲ್ಕು ಸ್ಟಾರ್? ಎಲ್ಲರ ಸ್ಯಾಂಪಲ್ ಸೇರಿಸಿ ಇವರು ಕಂಡುಕೊಂಡ ಸಂಗತಿಗಾಗಿ. 2018ರ ಪ್ರಬಂಧದಲ್ಲಿ 11,336 ಜನರ 15,096 ಸ್ಯಾಂಪಲ್‌ಗಳಿವೆ. ವಾರಕ್ಕೆ 30ಕ್ಕಿಂತ ಹೆಚ್ಚು ಬಗೆಯ ಸಸ್ಯಾಹಾರ ತಿನ್ನುವವರ ಕರುಳಲ್ಲಿ, 10 ಅಥವಾ ಅದಕ್ಕಿಂತ ಕಡಿಮೆ ಬಗೆ ತಿನ್ನುವವರಿಗಿಂತ ಸೂಕ್ಷ್ಮಜೀವಿಗಳ ವೈವಿಧ್ಯ ಜಾಸ್ತಿ ಇತ್ತು, ಆಂಟಿಬಯೋಟಿಕ್‌ಗೆ ಜಗ್ಗದ ಗುಣ ಕೊಡುವ ಜೀನ್‌ಗಳೂ ಕಡಿಮೆ ಇದ್ದವು. ವೀಗನ್, ಮಾಂಸಾಹಾರಿ ಅನ್ನುವ ಹಣೆಪಟ್ಟಿಗಿಂತ ಎಷ್ಟು ಬಗೆ ತಿನ್ನುತ್ತೀರಿ ಅನ್ನುವುದೇ ಮುಖ್ಯವಾಗಿ ಕಂಡಿತು. ಇದು ನಂಟು ಮಾತ್ರ, ಕಾರಣ ಎಂದು ಸಾಬೀತಾದದ್ದಲ್ಲ. ಆದರೂ ನಮ್ಮ ಅಡುಗೆಮನೆಗೆ ಎಷ್ಟು ಹತ್ತಿರದ ಮಾತು ನೋಡಿ. ಒಂದು ಬಿಸಿಬೇಳೆಬಾತ್‌ನಲ್ಲೇ ಅಕ್ಕಿ, ತೊಗರಿಬೇಳೆ, ಬೀನ್ಸ್, ಕ್ಯಾರೆಟ್, ಬಟಾಣಿ, ಆಲೂಗಡ್ಡೆ, ಹುಣಸೆ, ಕೊಬ್ಬರಿ ಎಲ್ಲ ಇದೆ, ಪುಡಿಯ ಮೆಂತ್ಯ, ಚಕ್ಕೆ, ಮರಾಠಿ ಮೊಗ್ಗನ್ನು ಲೆಕ್ಕಕ್ಕೆ ಹಿಡಿಯದಿದ್ದರೂ. ಜೊತೆಗೆ ಒಂದು ದಿನ ರಾಗಿ ಮುದ್ದೆ, ಬಸ್ಸಾರು, ಇನ್ನೊಂದು ದಿನ ಹೆಸರುಬೇಳೆ ಕೋಸಂಬರಿ, ಜೋಳದ ರೊಟ್ಟಿ, ಬದನೆಕಾಯಿ ಪಲ್ಯ. ವಾರಕ್ಕೆ 30 ದಾಟುವುದು ಕಷ್ಟವೇ ಅಲ್ಲ. ವರದಿ ಬಂದ ಮೇಲೆ ನಮ್ಮ ಮನೆಯಲ್ಲಿ ಸೊಪ್ಪು, ಕಾಳು ತರುವುದು ಜಾಸ್ತಿಯಾಗಿದೆ.

ಒಂದು ಸ್ಟಾರ್ ಕಳೆದದ್ದು ಯಾಕೆಂದರೆ, ಇದರಲ್ಲಿ ಇರುವವರು ಬಹುಪಾಲು ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದವರು. ಹೋಲಿಕೆಯಲ್ಲಿ ನಮ್ಮಂಥವರು ಕಡಿಮೆ, ಆದ್ದರಿಂದ ನಮಗೆ ಅರ್ಥವಾಗುವುದೂ ಕಡಿಮೆ. ನಾವು ಸೇರಿದಷ್ಟೂ ಇದು ಸರಿಹೋಗುತ್ತದೆ.

ಕೊಡುವ ಮೊದಲು ಒಂದು ವಿಷಯ ಯೋಚಿಸಿ. ಹೆಸರು ತೆಗೆದ ಮಾಹಿತಿಯನ್ನು ಇವರು ಎಲ್ಲ ಸಂಶೋಧಕರಿಗೂ ಉಚಿತವಾಗಿ ಬಿಡುತ್ತಾರೆ. ನನಗೆ ಅದೇ ಇಷ್ಟ, ಬೆಂಗಳೂರಿನ ವಿದ್ಯಾರ್ಥಿಯೂ ದುಡ್ಡು ಕೊಡದೆ ಅದನ್ನು ಬಳಸಬಹುದು. ಅದು ಬೇಡ ಅನ್ನುವವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ.