ಸೆಕೆಂಡ್ ಹ್ಯಾಂಡ್ ಕಾರಿನ ‘ಎಕ್ಸ್‌ಟ್ರಾ’ ಹೆಡ್‌ಲೈಟ್: ಸ್ವಲ್ಪ ಹುಷಾರು

ಹಳೇ ಕಾರು ಮಾರುವವರು “ಎಲ್‌ಇಡಿ ಹೆಡ್‌ಲೈಟ್ ಹಾಕಿಸಿದ್ದೇವೆ, ಎಕ್ಸ್‌ಟ್ರಾ ಫಿಟ್ಟಿಂಗ್” ಅಂದರೆ ಖುಷಿಪಡಬೇಡಿ. ಅದಕ್ಕೆ ದುಡ್ಡು ಜಾಸ್ತಿ ಕೊಡುವ ಬದಲು ಕಮ್ಮಿ ಮಾಡಿಸಿಕೊಳ್ಳಿ. ಕಾಸರಗೋಡಿನ ಒಂದು ಅಂಗಡಿಯಿಂದ ನಾನು ತಂದ ಸಣ್ಣ ಕಾರಿನ ಕಥೆ ಇದು. ಮಳೆಗಾಲಕ್ಕೆ ಮೊದಲು ಬಲ್ಬ್ ಬದಲಿಸಬೇಕು ಅಂತಿರುವವರಿಗೂ ಉಪಯೋಗಕ್ಕೆ ಬಂದೀತು.

ಕಾರು ತೋರಿಸುವುದು ಯಾವಾಗಲೂ ಹಗಲಿನಲ್ಲೇ ಅಲ್ವಾ? ಹಗಲಿಗೆ ಆ ಬಿಳಿ ಬೆಳಕು ಚಂದವೇ ಕಾಣುತ್ತದೆ. ರಾತ್ರಿ ಚೆರ್ಕಳದಿಂದ ಮುಳ್ಳೇರಿಯ ಕಡೆಗೆ ಹೊರಟಾಗ ಎದುರು ಬಂದವರೆಲ್ಲ ನನಗೆ ಬ್ರೈಟ್ ಹೊಡೆಯತೊಡಗಿದರು. ನಾನು ಡಿಮ್‌ನಲ್ಲೇ ಇದ್ದೆ. ಬೋವಿಕ್ಕಾನ ದಾಟಿದ ಮೇಲೆ ಒಂದು ತಿರುವಿನಲ್ಲಿ ಪಿಕಪ್ ಡ್ರೈವರ್ ಗಾಡಿ ನಿಲ್ಲಿಸಿ, ಗ್ಲಾಸ್ ಇಳಿಸಿ, “ಡಿಮ್ ಅಡಿಕ್ಕೆಡೋ!” (ಡಿಮ್ ಮಾಡೋ!) ಅಂತ ಮಲಯಾಳದಲ್ಲಿ ಗದರಿಸಿದ. ಇದು ಡಿಮ್ಮೇ ಅಂತ ಸ್ವಿಚ್ ಎಳೆದು ತೋರಿಸಿದೆ. ಅವನು ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡೇ ಇದ್ದ. ಡಿಮ್ಮಿಗೂ ಬ್ರೈಟಿಗೂ ಅವನಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಅವನ ಹಿಂದಿದ್ದ ಬೈಕಿನವನದು ಇನ್ನೂ ಪಾಪ. ರಸ್ತೆಯ ಅಂಚು ಕಾಣದೆ ಚರಂಡಿ ಪಕ್ಕ ಕಾಲೂರಿ ನಿಂತಿದ್ದ.

ಎದುರಿನವರಿಗೆ ತೊಂದರೆಯಾದರೂ ನನಗಾದರೂ ಚೆನ್ನಾಗಿ ಕಾಣುತ್ತಿತ್ತಾ? ಅದೂ ಇಲ್ಲ. ಬಾನೆಟ್ಟಿನ ಮುಂದೆ ನಾಲ್ಕು ಮಾರು ದೂರ ಹಾಲು ಚೆಲ್ಲಿದ ಹಾಗೆ ಬೆಳಕು. ಅದರಾಚೆ ಕತ್ತಲು. ಹತ್ತಿರದ ರಸ್ತೆ ಅಷ್ಟು ಬೆಳಗಿದರೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ದೂರದ ಹೊಂಡ ಕಾಣುವುದಿಲ್ಲ. ಆಟಿ ತಿಂಗಳ ಮಳೆಯಲ್ಲಂತೂ ಕೇಳುವುದೇ ಬೇಡ. ಮಳೆಹನಿಗಳೇ ಹೊಳೆಯುತ್ತವೆ, ಮುರಕಲ್ಲು ಕಡಿದು ಮಾಡಿದ ರಸ್ತೆಯ ಬದಿ ಎಲ್ಲಿ, ಟಾರ್ ಎಲ್ಲಿ ಅಂತ ತಿಳಿಯುವುದಿಲ್ಲ.

ಅಂಗಡಿಯವರಿಗೆ ಫೋನ್ ಮಾಡಿದೆ. “ಸರ್, ಅದು ಪವರ್ ಲೈಟ್, ಅದಕ್ಕೇ ಹಾಗೆ” ಅಂದರು. ಆಮೇಲೆ ಫೋನ್ ಎತ್ತಲಿಲ್ಲ.

ಬದಿಯಡ್ಕದ ಎಲೆಕ್ಟ್ರಿಷಿಯನ್ ಅಣ್ಣ ಬಲ್ಬ್ ಬಿಚ್ಚಿದಾಗ ವಿಷಯ ಹೊರಬಿತ್ತು. ನನ್ನ ಕಾರಿನದು ಎಚ್4 ಬಲ್ಬಿನ, ಅಂದರೆ ಡಿಮ್ಮು ಬ್ರೈಟು ಎರಡೂ ಒಂದೇ ಬಲ್ಬಿನಲ್ಲಿರುವ, ಹೆಡ್‌ಲೈಟ್. ಮಾಮೂಲಿ ಎಚ್4 ಹ್ಯಾಲೊಜೆನ್ ಬಲ್ಬನ್ನು ಅವರು ಬೆಳಕಿಗೆ ಹಿಡಿದು ತೋರಿಸಿದರು. ಗಾಜಿನೊಳಗೆ ಎರಡು ತಂತಿ. ಡಿಮ್ಮಿನ ತಂತಿಯ ಕೆಳಗೆ ಲೋಹದ ಪುಟ್ಟ ತಟ್ಟೆ. ಬಲ್ಬಿನ ಸುತ್ತ ಬೆಳಕನ್ನು ಮುಂದಕ್ಕೆ ತಳ್ಳುವ ಕನ್ನಡಿಯಂಥ ಬಟ್ಟಲಿದೆಯಲ್ಲ, ಅದೇ ರಿಫ್ಲೆಕ್ಟರ್. ಆ ತಟ್ಟೆ ಬೆಳಕು ರಿಫ್ಲೆಕ್ಟರಿನ ಕೆಳಭಾಗಕ್ಕೆ ಬೀಳದಂತೆ ತಡೆಯುತ್ತದೆ. ಅಲ್ಲಿಗೆ ಬಿದ್ದ ಬೆಳಕು ಮೇಲಕ್ಕೆ ಹಾರಿ ಎದುರಿನವರ ಕಣ್ಣಿಗೇ ಹೋಗುತ್ತದೆ. ಡಿಮ್ ಅಂದರೆ ಕಮ್ಮಿ ಬೆಳಕು ಅಂತ ನಾವು ತಿಳಿದಿದ್ದೇವೆ, ಅದು ಕೆಳಕ್ಕೆ ಕತ್ತರಿಸಿದ ಬೆಳಕು. ರಿಫ್ಲೆಕ್ಟರ್ ಮಾಡಿರುವುದೂ ಆ ತಂತಿ ಇರುವ ಜಾಗವನ್ನೇ ಲೆಕ್ಕ ಹಿಡಿದು. ನನ್ನ ಕಾರಿನಲ್ಲಿದ್ದ ಎಲ್‌ಇಡಿಯ ಚಿಪ್‌ಗಳು ದಪ್ಪ ಪಟ್ಟಿಯ ಎರಡು ಬದಿಗೆ ಅಂಟಿಕೊಂಡಿದ್ದವು. ಜಾಗ ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಸಾಕು, ಬೆಳಕು ಎಲ್ಲೆಂದರಲ್ಲಿ ಚದುರುತ್ತದೆ.

ಇನ್ನೊಂದು ಕಿತಾಪತಿ ಹಿಂಬದಿಯಲ್ಲಿತ್ತು. ಎಲ್‌ಇಡಿಯ ಹಿಂದೆ ಸಣ್ಣ ಫ್ಯಾನ್ ಇರುತ್ತದೆ. ಅದಕ್ಕೆ ಜಾಗ ಸಾಲಲಿಲ್ಲ ಅಂತ, ನೀರು ಹೋಗದಂತೆ ಹೆಡ್‌ಲೈಟಿನ ಹಿಂಬದಿ ಮುಚ್ಚುವ ರಬ್ಬರ್ ಕ್ಯಾಪನ್ನು ಬ್ಲೇಡಿನಲ್ಲಿ ಕೊಯ್ದಿದ್ದರು. ಅಲ್ಲಿಂದ ನೀರು ಹೋಗಿ ರಿಫ್ಲೆಕ್ಟರಿನ ಬೆಳ್ಳಿ ಬಣ್ಣ ಚುಕ್ಕಿಚುಕ್ಕಿಯಾಗಿ ಎದ್ದಿತ್ತು. ಹೋಲ್ಡರ್ ಕೂಡ ಕಂದು ಬಣ್ಣಕ್ಕೆ ತಿರುಗಿ ಒಂದು ಮೂಲೆ ಕರಗಿತ್ತು. “ಇದು ಎಲ್‌ಇಡಿಯ ಕೆಲಸ ಅಲ್ಲ ಮಾರಾಯ್ರೆ, ಅದಕ್ಕೂ ಮೊದಲು ನೂರು-ತೊಂಬತ್ತು ಹಾಕಿದ್ದಾರೆ” ಅಂದರು. ಎಚ್4ರ ಸರಿಯಾದ ಲೆಕ್ಕ 60/55 ವ್ಯಾಟ್, ಅಂದರೆ ಬ್ರೈಟಿಗೆ 60, ಡಿಮ್ಮಿಗೆ 55. 100/90 ವ್ಯಾಟಿನದು ಹಾಕಿದರೆ ಬ್ರೈಟಿನಲ್ಲಿ ಪ್ರತಿ ಬಲ್ಬಿಗೆ 5 ಆಂಪಿಯರ್ ಹೋಗುವ ಕಡೆ 8ಕ್ಕೂ ಮೇಲೆ ಹೋಗುತ್ತದೆ. ಕಂಪನಿಯ ವಯರ್ ಅದನ್ನು ತಾಳುವುದಿಲ್ಲ.

ಪ್ಯಾಕೆಟ್ ಮೇಲೆ ಬರೆದ ಲ್ಯೂಮೆನ್, ಅಂದರೆ ಬೆಳಕಿನ ಅಳತೆ, ನಂಬಬೇಡಿ. ಎಚ್4 ಹ್ಯಾಲೊಜೆನ್‌ಗೆ ನಿಗದಿಯಾದದ್ದು ಡಿಮ್ಮಿನಲ್ಲಿ ಸುಮಾರು 1,000, ಬ್ರೈಟಿನಲ್ಲಿ 1,650 ಲ್ಯೂಮೆನ್. ಆನ್‌ಲೈನಿನಲ್ಲಿ 20,000 ಅಂತ ಬರೆದದ್ದು ಸಿಗುತ್ತದೆ. ಬರೆಯುವುದಕ್ಕೆ ಖರ್ಚಿಲ್ಲವಲ್ಲ. ನೀಲಿ ಬಣ್ಣದ ಗಾಜಿನ ಹ್ಯಾಲೊಜೆನ್ ಕೂಡ ಬೇಡ. ಆ ಬಣ್ಣವೇ ಸ್ವಲ್ಪ ಬೆಳಕು ನುಂಗುತ್ತದೆ.

ಹಾಗಾದರೆ ಬೆಳಕು ಜಾಸ್ತಿ ಬೇಕಾದವರು ಏನು ಮಾಡಬೇಕು? ಮೊದಲು ಇರುವ ಬೆಳಕು ಎಲ್ಲಿ ಸೋರುತ್ತಿದೆ ನೋಡಿ. ಎಂಜಿನ್ ಓಡುವಾಗ ನನ್ನ ಬ್ಯಾಟರಿಯಲ್ಲಿ 13.8 ವೋಲ್ಟ್ ಇತ್ತು, ಬಲ್ಬಿನ ಹೋಲ್ಡರಿನಲ್ಲಿ 12.2. ಸಣ್ಣ ವ್ಯತ್ಯಾಸ ಅನ್ನಿಸುತ್ತದೆ, ಆದರೆ ಹ್ಯಾಲೊಜೆನ್‌ನಲ್ಲಿ ಅಷ್ಟಕ್ಕೇ ಮೂರರಲ್ಲಿ ಒಂದು ಪಾಲು ಬೆಳಕು ಹೋಗಿಬಿಡುತ್ತದೆ. ಹೊಸ ಹೋಲ್ಡರ್, ಬ್ಯಾಟರಿಯಿಂದ ನೇರ ಕರೆಂಟ್ ಕೊಡಿಸುವ ರಿಲೇ ಸ್ವಿಚ್, ದಪ್ಪ ವಯರ್ ಹಾಕಿಸಿದೆ. ಹಳದಿಗಟ್ಟಿದ ಹೊರಗಿನ ಲೆನ್ಸ್ ಪಾಲಿಶ್ ಮಾಡಿಸಿದೆ. ಬಲ್ಬ್ ಒಳ್ಳೆ ಕಂಪನಿಯ 60/55 ಹ್ಯಾಲೊಜೆನ್. ಅದರಲ್ಲೇ ಜಾಸ್ತಿ ಬೆಳಕಿನ ಮಾದರಿಯೂ ಬರುತ್ತದೆ, ಬಾಳಿಕೆ ಮಾತ್ರ ಕಮ್ಮಿ. ಎಲ್‌ಇಡಿಯೇ ಬೇಕು ಅನ್ನುವವರು ಕಂಪನಿಯೇ ಎಲ್‌ಇಡಿ ಲ್ಯಾಂಪ್ ಕೊಟ್ಟ ಕಾರು ತೆಗೆದುಕೊಳ್ಳಿ. ಅದರ ರಿಫ್ಲೆಕ್ಟರ್, ಲೆನ್ಸ್ ಎಲ್ಲ ಅದಕ್ಕೇ ಮಾಡಿದ್ದು.

ಕೊನೆಗೆ ಅಡ್ಜಸ್ಟ್‌ಮೆಂಟ್. ಇದನ್ನು ಯಾರೂ ಮಾಡಿಸುವುದಿಲ್ಲ, ಸುಮ್ನೆ ಬಲ್ಬ್ ಸಿಕ್ಕಿಸಿ ಕಳಿಸುತ್ತಾರೆ. ಟಯರಿಗೆ ಸರಿಯಾಗಿ ಗಾಳಿ ಹಾಕಿ, ಡ್ರೈವರ್ ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ. ಡಿಮ್ಮಿನ ಬೆಳಕಿನ ಮೇಲಿನ ಗೆರೆ ಲ್ಯಾಂಪಿನ ನಡುಮಟ್ಟಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ಬಲಗಡೆ ಗೆರೆ ನೇರ, ಎಡಗಡೆ ಸ್ವಲ್ಪ ಏರು. ಗೆರೆಯೇ ಕಾಣಿಸದಿದ್ದರೆ ಒಳಗೆ ಬೇರೆ ಬಲ್ಬ್ ಕೂತಿದೆ ಅಂತ ಅನುಮಾನಪಡಿ. ಡಿಕ್ಕಿಯಲ್ಲಿ ಅಡಿಕೆ ಮೂಟೆ ತುಂಬಿದರೆ ಮೂತಿ ಮೇಲೇಳುತ್ತದೆ. ಸ್ಟಿಯರಿಂಗ್ ಪಕ್ಕ 0, 1, 2, 3 ಅಂತಿರುವ ಚಕ್ರ ಇರುವುದು ಅದಕ್ಕೇ, ಭಾರ ಇದ್ದಷ್ಟು ಅದನ್ನು ತಿರುಗಿಸಿ ಬೆಳಕು ತಗ್ಗಿಸಬೇಕು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ತಿದ್ದುಪಡಿಯ ಮೇಲೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ. ಹಿಂದಿನ ಮಾಲಿಕ ಮಾಡಿದ್ದು ಅಂದರೂ ತಪಾಸಣೆಗೆ ಗಾಡಿ ನಿಲ್ಲಿಸಿದಾಗ ಉತ್ತರ ಹೇಳಬೇಕಾದವರು ನೀವೇ.

ಹಳೇ ಕಾರು ನೋಡಲು ಸಂಜೆ ಕತ್ತಲಾದ ಮೇಲೆ ಹೋಗಿ. ಅಡ್ವಾನ್ಸ್ ಕೊಡುವ ಮೊದಲು ಗೋಡೆಗೆ ಲೈಟ್ ಬಿಟ್ಟು ನೋಡಿ, ಬಾನೆಟ್ ತೆಗೆದು ರಬ್ಬರ್ ಕ್ಯಾಪ್ ಕೊಯ್ದಿದೆಯಾ ನೋಡಿ. ಮೂಲ ಬಲ್ಬ್ ಮತ್ತು ಕ್ಯಾಪ್ ಕೊಟ್ಟರೆ ಮಾತ್ರ ಮುಂದಿನ ಮಾತು ಅನ್ನಿ. ಬಲ್ಬ್ ಎಲ್ಲ ಕಡೆ ಸಿಗುತ್ತದೆ, ಆ ಕ್ಯಾಪ್ ನನಗೆ ಇಲ್ಲೆಲ್ಲೂ ಸಿಗದೆ ಮಂಗಳೂರಿನಿಂದ ತರಿಸಬೇಕಾಯಿತು.