ಎರಡು ಮಳೆಗಾಲ ಕಂಡ ನೈಟ್ರೈಲ್ ಕೈಗವಸು

ಕೊಡಗಿನ ನಾಪೋಕ್ಲು ಸಮೀಪದ ನಮ್ಮ ಕಾಫಿ ತೋಟದಲ್ಲಿ ಅಜ್ಜನ ಕಾಲದ, ಕೆಲಸಗಾರರ ಲೈನ್ ಮನೆಯೊಂದು ಕುಸಿದುಬಿದ್ದ ಜಾಗವಿದೆ. ಹೊಸ ಗಿಡ ಇಡುವ ಮೊದಲು ಅಲ್ಲಿ ಹೂತುಹೋದ ಮೊಳೆ, ಮುಳ್ಳುತಂತಿ, ತಗಡಿನ ಚೂರುಗಳನ್ನೆಲ್ಲ ತೆಗೆಯಬೇಕೆಂದು ಎರಡು ವರ್ಷಗಳಿಂದ ಮೆಟಲ್ ಡಿಟೆಕ್ಟರ್ ಹಿಡಿದು ಅಗೆಯುತ್ತಿದ್ದೇನೆ. ಡಿಟೆಕ್ಟರಿನ ವಿಚಾರ ಬೇಕಾದಷ್ಟು ಮಂದಿ ಬರೆದಿದ್ದಾರೆ. ನಾನು ಬರೆಯುತ್ತಿರುವುದು ಮಡಿಕೇರಿಯಲ್ಲಿ ಶುಕ್ರವಾರದ ಸಂತೆಗೆ ಹೋದಾಗ ಜೋಡಿಗೆ 140 ರೂಪಾಯಿ ಕೊಟ್ಟು ತಂದ, ಅಂಗೈಗೆ ಮಾತ್ರ ನೈಟ್ರೈಲ್ ಎಂಬ ಕೃತಕ ರಬ್ಬರಿನ ಲೇಪವಿರುವ ಕೈಗವಸಿನ ಬಗ್ಗೆ.

ಗುದ್ದಲಿಯಿಂದ ಒಂದು ಗೇಣು ಮಣ್ಣು ಎತ್ತಿದ ಮೇಲೆ ಉಳಿದದ್ದನ್ನು ಬೆರಳಿನಿಂದಲೇ ಹುಡುಕಬೇಕಾಗುತ್ತದೆ. ದಪ್ಪ ಚರ್ಮದ ಗವಸು ಹಾಕಿಕೊಂಡರೆ ಬೇರು ಯಾವುದು, ಮೊಳೆ ಯಾವುದು ಎಂದು ಗೊತ್ತಾಗುವುದಿಲ್ಲ. ಇದರಲ್ಲಿ ಸ್ಪಷ್ಟವಾಗಿ ಗೊತ್ತಾಗುತ್ತದೆ. ಸಂಜೆ ಗವಸು ಹಾಕಿಕೊಂಡಿರುವಾಗಲೇ ಸೋಪು ಹಚ್ಚಿ ಕೈ ತೊಳೆದಂತೆ ತೊಳೆದು, ಒಳಗನ್ನು ಹೊರಕ್ಕೆ ಮಗುಚಿ, ಬಚ್ಚಲ ಒಲೆಯಿಂದ ತುಸು ದೂರದಲ್ಲಿ ಕಟ್ಟಿದ ಹಗ್ಗಕ್ಕೆ ನೇತುಹಾಕುತ್ತೇನೆ. ಆಮೇಲೆ ಕಾಫಿ ಲೋಟ ಎತ್ತಿದಾಗ ಕೈಯಲ್ಲಿ ತುಕ್ಕಿನ ವಾಸನೆ ಇರುವುದಿಲ್ಲವೆಂಬುದು ಮೊದಲ ವರ್ಷ ನನಗೆ ದೊಡ್ಡ ಸಂತೋಷವಾಗಿತ್ತು.

ಮಳೆ ಹಿಡಿದರೆ ಮಾತ್ರ ಒಂದು ರಾತ್ರಿಯಲ್ಲಿ ಒಣಗುವುದಿಲ್ಲ. ಮೂರು ಜೋಡಿ ಇಟ್ಟುಕೊಳ್ಳಲೇಬೇಕು. ಮುಂಗೈಯ ಪಟ್ಟಿ ಸಡಿಲವಾದ ಮೇಲೆ ಉಂಬಳವೂ (ಜಿಗಣೆ) ಒಳಗೆ ಸೇರುತ್ತದೆ. ಇಷ್ಟನ್ನು ನಾನು ಸಹಿಸಿಕೊಂಡಿದ್ದೆ.

ಕಳೆದ ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆ ತಿಂಗಳಲ್ಲಿ, ತುಂಡಾದ ಮುಳ್ಳುತಂತಿಯ ತುದಿಯೊಂದು ಗವಸನ್ನು ದಾಟಿ ಬಲಗೈಯ ತೋರುಬೆರಳಿಗೆ ಆಳವಾಗಿ ನಾಟಿತು. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿಯೇ ಇರುತ್ತದೆ. ನಾನು ಹಿಂದಿನ ಚುಚ್ಚುಮದ್ದು ಹಾಕಿಸಿಕೊಂಡು ಹತ್ತು ವರ್ಷ ದಾಟಿದ್ದರಿಂದ ವೈದ್ಯರು ಅಂದೇ ಇನ್ನೊಂದನ್ನು ಕೊಟ್ಟರು. ಮನೆಗೆ ಬಂದ ಮೇಲೆಯೇ ಗವಸಿನ ಹಿಂಬದಿಯ ಸುತ್ತಿಗೆಯ ಚಿತ್ರದ ಕೆಳಗಿನ ಅಂಕಗಳನ್ನು ಓದಿದೆ: ಇಎನ್ 388, 4121. ಇಎನ್ 388 ಎಂದರೆ ಕೆಲಸದ ಕೈಗವಸುಗಳ ಯುರೋಪಿನ ಮಾನದಂಡ; 4121ರ ಒಂದೊಂದು ಅಂಕವೂ ಗವಸು ಒಂದೊಂದನ್ನು ಎಷ್ಟು ತಡೆಯುತ್ತದೆಂದು ಹೇಳುತ್ತದೆ. ಮೊದಲನೆಯದು ಸವೆತಕ್ಕೆ, ಎರಡನೆಯದು ಕೊಯ್ತಕ್ಕೆ, ಮೂರನೆಯದು ಬಟ್ಟೆಯಂತೆ ಹರಿದುಹೋಗುವುದಕ್ಕೆ, ಕೊನೆಯದು ಚುಚ್ಚುವಿಕೆಗೆ. ಚುಚ್ಚುವಿಕೆಯಲ್ಲಿ ಅತ್ಯುತ್ತಮವೆಂದರೆ 4. ನನ್ನ ಗವಸಿನದು 1, ಅಂದರೆ 20 ನ್ಯೂಟನ್ ಬಲವನ್ನು (ಸುಮಾರು ಎರಡು ಕಿಲೋ ಭಾರದಷ್ಟು) ತಡೆದರೆ ಸಾಕು. ಅದನ್ನು ಪರೀಕ್ಷಿಸುವುದೂ ಸೂಜಿಯಿಂದಲ್ಲ, ದಪ್ಪ ಮೊನೆಯ ಕಡ್ಡಿಯಿಂದ. ಸವೆತದ 4 ನೋಡಿ ಗಟ್ಟಿಯೆಂದು ನಂಬಿದ್ದು ನನ್ನದೇ ತಪ್ಪು, ಆದರೆ ಅಂಗಡಿಯವರು ಇದನ್ನು ತಂತಿ ಕೆಲಸಕ್ಕೂ ಆಗುತ್ತದೆಂದು ಹೇಳಿ ಮಾರಬಾರದಿತ್ತು.

ನನಗೆ ಹೆಚ್ಚು ನೋವಾದದ್ದು ಬೆರಳಿನಿಂದಲ್ಲ. ನನ್ನ ಜೊತೆ ಅಗೆಯುವ ಇಬ್ಬರಿಗೂ ಇದೇ ಗವಸನ್ನು, ಧೈರ್ಯವಾಗಿ ಕೈ ಹಾಕಿ ಎಂದು ಹೇಳಿ ಕೊಟ್ಟಿದ್ದೆ. ಈಗ ಪಿನ್‌ಪಾಯಿಂಟರ್ (ಗುಂಡಿಯೊಳಗೆ ಲೋಹವಿರುವ ಜಾಗವನ್ನು ತೋರಿಸುವ ಸಣ್ಣ ಕೈ ಡಿಟೆಕ್ಟರ್) ಹಾಗೂ ಸಣ್ಣ ಕರಣೆಯಿಂದ ವಸ್ತು ಕಣ್ಣಿಗೆ ಕಾಣುವ ತನಕ ಯಾರೂ ಗುಂಡಿಗೆ ಕೈ ಹಾಕುವುದಿಲ್ಲ. ಮೂವರಿಗೂ ನಾಲ್ಕನೆಯ ಅಂಕ 4 ಇರುವ, ಜೋಡಿಗೆ 520 ರೂಪಾಯಿಯ ಗವಸು ತಂದಿದ್ದೇನೆ. ಹಳೆಯವು ಗೊಬ್ಬರ ಹಾಕುವುದಕ್ಕೆ ಹಾಗೂ ಕಳೆ ಕೀಳುವುದಕ್ಕೆ ಇವೆ, ಆ ಕೆಲಸಗಳಿಗೆ ಮತ್ತೆ ಅವನ್ನೇ ಕೊಳ್ಳುತ್ತೇನೆ.